ಚಕಮಕಿ ಪಿಸ್ತೂಲುಗಳ ಸಂಗ್ರಹ

ಅಂಚೆಚೀಟಿಗಳನ್ನೋ ಹಳೆಯ ನಾಣ್ಯಗಳನ್ನೋ ಸಂಗ್ರಹಿಸುವವರನ್ನು ನೀವು ಕಂಡಿರಬಹುದು. ಅವರಂತೆಯೇ ಚಕಮಕಿ ಪಿಸ್ತೂಲುಗಳನ್ನು ಅರಸಿ ಕೂಡಿಡುವವರೂ ಇದ್ದಾರೆ. ಕೊಲ್ಲಲೆಂದು ಹುಟ್ಟಿದ ಈ ಆಯುಧವು ಸಂಗ್ರಾಹಕನ ಕೈಯಲ್ಲಿ ಚರಿತ್ರೆಯ ಸಾಕ್ಷಿಯಾಗುತ್ತದೆ.

ಇದರ ರಚನೆ ಸರಳವಾದುದು. ಕುದುರೆಯನ್ನು ಎಳೆದೊಡನೆ, ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುವ ಕೊಕ್ಕು ಮುಂದಕ್ಕೆ ಬಾಗಿ ಉಕ್ಕಿನ ಫಲಕಕ್ಕೆ ಬಡಿಯುತ್ತದೆ. ಫಲಕವು ಸರಿದು ಅದರಡಿಯ ಪುಟ್ಟ ಬಟ್ಟಲು ತೆರೆಯುತ್ತದೆ. ಕಿಡಿಗಳು ಬಟ್ಟಲಿನ ಮದ್ದಿನ ಮೇಲೆ ಬೀಳುತ್ತವೆ. ಆ ಉರಿಯು ಸಣ್ಣ ರಂಧ್ರದ ಮೂಲಕ ನಳಿಗೆಯನ್ನು ಹೊಕ್ಕು, ಅಲ್ಲಿ ತುಂಬಿದ ಮದ್ದನ್ನು ಹೊತ್ತಿಸಿ, ಗುಂಡನ್ನು ಹೊರದೂಡುತ್ತದೆ. ಮಳೆಯಲ್ಲಿ ಮದ್ದು ತೊಯ್ದರೆ ಆಯುಧ ಮೂಕವಾಗುತ್ತಿತ್ತು. ೧೭ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ತಂತ್ರವು ಸುಮಾರು ಇನ್ನೂರು ವರ್ಷ ಮೆರೆಯಿತು. ೧೯ನೆಯ ಶತಮಾನದಲ್ಲಿ, ಏಟು ಬಿದ್ದೊಡನೆ ಸಿಡಿಯುವ ತಾಮ್ರದ ಟೋಪಿಗಳು ಬಳಕೆಗೆ ಬಂದ ಮೇಲೆ, ಹಳೆಯ ಪಿಸ್ತೂಲುಗಳಲ್ಲಿ ಅನೇಕವನ್ನು ಹೊಸ ಕ್ರಮಕ್ಕೆ ಮಾರ್ಪಡಿಸಿದರು. ಆದುದರಿಂದಲೇ ಮೂಲರೂಪದಲ್ಲಿ ಉಳಿದವುಗಳಿಗೆ ಬೆಲೆ ಹೆಚ್ಚು.

ಈ ತಂತ್ರ ಯುರೋಪಿಗಷ್ಟೇ ಸೀಮಿತವಾಗಿರಲಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಇಂತಹ ಪಿಸ್ತೂಲುಗಳು ತಯಾರಾಗುತ್ತಿದ್ದವು. ಹುಲಿಯ ಮುಖ, ಹುಲಿಪಟ್ಟೆಗಳ ಅಲಂಕಾರ, ತಯಾರಾದ ಸ್ಥಳ ಹಾಗೂ ವರ್ಷ ಇವು ಅವುಗಳ ಗುರುತುಗಳು. ಟಿಪ್ಪುವು ಜಾರಿಗೆ ತಂದ ಮೌಲೂದಿ ಶಕೆಯ ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ೧೭೯೯ರ ಮೇ ೪ರಂದು ಕೋಟೆ ಬಿದ್ದಾಗ ಈ ಆಯುಧಗಳು ಕೊಳ್ಳೆಹೋದವು. ಹಲವು ಇಂಗ್ಲೆಂಡನ್ನು ಸೇರಿದವು. ಅಲ್ಲಿಯ ಸಂಗ್ರಾಹಕರಾದ ರಾಬಿನ್ ವಿಗಿಂಗ್ಟನ್ ಅವರು ಅವುಗಳನ್ನು ಕೂಡಿಸಿ, ಅಭ್ಯಾಸಮಾಡಿ, ೧೯೯೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ೨೦೧೫ರಲ್ಲಿ ಅವರ ಸಂಗ್ರಹವು ಲಂಡನ್ನಿನಲ್ಲಿ ಹರಾಜಾಗಿ ಚದುರಿತು. ಅವರು ಬರೆದಿಟ್ಟ ತಿಳಿವಳಿಕೆ ಮಾತ್ರ ಉಳಿಯಿತು.

ಬಲ್ಲ ಸಂಗ್ರಾಹಕನು ಹಳೆಯ ಪಿಸ್ತೂಲು ದೊರೆತಾಗ ಮೊದಲು ನಳಿಗೆ ಬರಿದಾಗಿದೆಯೇ ಎಂದು ತಜ್ಞರಿಂದ ಖಚಿತಪಡಿಸಿಕೊಳ್ಳುತ್ತಾನೆ. ಶತಮಾನ ಕಳೆದರೂ ಒಳಗೆ ಮದ್ದು ಉಳಿದಿರಬಹುದು. ಅನಂತರ ಅದು ಎಲ್ಲಿಂದ, ಯಾರಿಂದ ಬಂದಿತೆಂಬುದನ್ನು ಬರೆದಿಡುತ್ತಾನೆ. ಹೊಳಪಿನ ಆಸೆಗೆ ಅದನ್ನು ಮರಳುಕಾಗದದಿಂದ ಉಜ್ಜುವುದಿಲ್ಲ. ಉಜ್ಜಿದರೆ ತುಕ್ಕಿನೊಡನೆ ಕುಶಲಕರ್ಮಿಯ ಗುರುತೂ ಅಳಿಯುತ್ತದೆ. ಮಾಸಿದ ಅಕ್ಷರವನ್ನು ಶ್ರಮಪಟ್ಟು ಓದಬಹುದು. ಅಳಿಸಿದ ಅಕ್ಷರವನ್ನು ಯಾವ ಪಂಡಿತನೂ ಓದಲಾರನು. ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ವಸ್ತುಗಳಿಗೂ ಈ ಮಾತು ಸಲ್ಲುತ್ತದೆ.