ಕುದುರೆಗಾಡಿಯಷ್ಟೇ ಜಾಗದ ಚಹಾದಂಗಡಿ

ಲಂಡನ್ನಿನ ರಸೆಲ್ ಸ್ಕ್ವೇರ್‌ನ ಮೂಲೆಯಲ್ಲಿ, ರಸ್ತೆಯ ಅಂಚಿಗೇ ಅಂಟಿಕೊಂಡಂತೆ, ಹಸಿರು ಬಣ್ಣದ ಪುಟ್ಟ ಮರದ ಮನೆಯೊಂದಿದೆ. ಅದರ ಕಿಟಕಿಯ ಮುಂದೆ ನಿಂತು ಕೇಳಿದರೆ ಯಾರಿಗಾದರೂ ಚಹಾ ಸಿಗುತ್ತದೆ. ಬಾಗಿಲು ತೆಗೆದು ಒಳಗೆ ಹೋಗಿ ಬೆಂಚಿನ ಮೇಲೆ ಕೂರುವ ಹಕ್ಕು ಮಾತ್ರ ಕಪ್ಪು ಟ್ಯಾಕ್ಸಿ ಓಡಿಸುವವರದು.

ಬ್ರಿಟಿಷರ ಚಹಾ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಪಿಂಗಾಣಿ ಕಪ್ಪು, ಬೆಳ್ಳಿ ತಟ್ಟೆ. ಮಧ್ಯಾಹ್ನದ ಚಹಾಕೂಟವನ್ನು 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆನಾ ರೂಢಿಗೆ ತಂದರು ಎನ್ನುತ್ತಾರೆ. ರಸೆಲ್ ಸ್ಕ್ವೇರ್ ಚೌಕಕ್ಕಿರುವುದೂ ಆಕೆಯ ಗಂಡನ ಮನೆತನದ ಹೆಸರೇ. ಆದರೆ ಅಲ್ಲಿನ ದುಡಿಯುವ ಜನರನ್ನು ದಿನವಿಡೀ ನಡೆಸುವ ಚಹಾ ಬೇರೆ. ದಪ್ಪ ಮಗ್ಗಿನಲ್ಲಿ, ಕಡುಕಂದಾಗುವಷ್ಟು ಸೊಪ್ಪಿನ ಸಾರ ಇಳಿಸಿ, ಹಾಲು ಬೆರೆಸಿ, ಸಕ್ಕರೆ ಹಾಕಿ ಕುಡಿಯುವ ಅದಕ್ಕೆ ‘ಬಿಲ್ಡರ್ಸ್ ಟೀ’ ಎಂದೇ ಹೆಸರು. ನಲ್ಲಿ ರಿಪೇರಿಗೆ ಬಂದವನಿಗೆ ಮನೆಯವರು ಮೊದಲು ಕೊಡುವುದು ಅದನ್ನೇ. ಸಾವಿನ ಸುದ್ದಿ ಬಂದ ಮನೆಯಲ್ಲಿ ಯಾರಿಗೂ ಮಾತು ಹೊರಡದಿದ್ದಾಗ ಒಬ್ಬರು ಎದ್ದು ಹೋಗಿ ನೀರು ಕಾಯಿಸಲು ಇಡುತ್ತಾರೆ. ಅಲ್ಲಿ ಸಂತೈಸುವ ಬಗೆಯೇ ಅದು.

ಇಂಥ ಹಸಿರು ಮರದ ಮನೆಗಳ ಹುಟ್ಟಿನ ಹಿಂದೆಯೂ ಒಂದು ಕೆಟ್ಟ ಹವೆಯ ದಿನವಿದೆ. 1875ರ ಜನವರಿ. ‘ಗ್ಲೋಬ್’ ಪತ್ರಿಕೆಯ ಸಂಪಾದಕ ಕ್ಯಾಪ್ಟನ್ ಜಾರ್ಜ್ ಆರ್ಮ್‌ಸ್ಟ್ರಾಂಗ್ ಹಿಮಗಾಳಿಯಲ್ಲಿ ಬಾಡಿಗೆ ಗಾಡಿ ಹುಡುಕಿ ತರಲು ಆಳನ್ನು ಕಳಿಸಿದರಂತೆ. ಗಾಡಿಗಳೇನೋ ನಿಂತಿದ್ದವು, ಗಾಡಿಯವರೆಲ್ಲ ಹತ್ತಿರದ ಪಬ್ಬಿನಲ್ಲಿದ್ದರು. ಅವರದಾದರೂ ಏನು ತಪ್ಪು? ಜಟಕಾ ಓಡಿಸುವವರ ಹಾಗೆ ಹ್ಯಾನ್ಸಮ್ ಎಂಬ ಆ ಕುದುರೆಗಾಡಿಯವರೂ ಬಿಸಿಲು ಮಳೆಯೆನ್ನದೆ ಬಯಲಿನಲ್ಲೇ ಕೂರಬೇಕಿತ್ತು. ಗಾಡಿಯನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುವಂತಿಲ್ಲ ಎಂಬ ಕಾನೂನು ಬೇರೆ. ಬಿಸಿಯಾಗಿ ಏನಾದರೂ ಹೊಟ್ಟೆಗೆ ಹಾಕಿಕೊಳ್ಳಬೇಕೆಂದರೆ ಗಾಡಿ ಕಾಯಲು ಯಾರಿಗಾದರೂ ಕಾಸು ಕೊಟ್ಟು ಪಬ್ಬಿಗೇ ಹೋಗಬೇಕು. ಆರ್ಮ್‌ಸ್ಟ್ರಾಂಗ್ ಅವರು ಶಾಫ್ಟ್ಸ್‌ಬರಿಯ ಅರ್ಲ್ ಮೊದಲಾದವರನ್ನು ಸೇರಿಸಿಕೊಂಡು ಅದೇ ವರ್ಷ ಒಂದು ನಿಧಿ ಕಟ್ಟಿದರು. ಗಾಡಿ ಸ್ಟ್ಯಾಂಡಿನ ಮಗ್ಗುಲಲ್ಲೇ ‘ಕ್ಯಾಬ್‌ಮೆನ್ಸ್ ಶೆಲ್ಟರ್’ಗಳು ಎದ್ದವು. ಮೊದಲನೆಯದು ಸೇಂಟ್ ಜಾನ್ಸ್ ವುಡ್‌ನ ಅಕೇಶಿಯಾ ರಸ್ತೆಯಲ್ಲಿ. 1914ರ ಹೊತ್ತಿಗೆ ಕಟ್ಟಿದ್ದು ಒಟ್ಟು 61.

ನನ್ನನ್ನು ಸೆಳೆದದ್ದು ಈ ಶೆಲ್ಟರಿನ ಅಳತೆ. ಸಾರ್ವಜನಿಕ ರಸ್ತೆಯ ಮೇಲೆ ನಿಲ್ಲುವುದರಿಂದ ಒಂದು ಕುದುರೆ, ಒಂದು ಗಾಡಿ ಹಿಡಿಯುವಷ್ಟಕ್ಕಿಂತ ಹೆಚ್ಚು ಜಾಗ ಅದು ತಿನ್ನಬಾರದು. ಅಷ್ಟರಲ್ಲೇ ಒಲೆ, ಅಡುಗೆಯ ಜಾಗ, ಮೇಜು, ಗೋಡೆಗೆ ಒರಗಿದ ಬೆಂಚು, ಹತ್ತು ಹದಿಮೂರು ಜನ. ಒಬ್ಬರು ಏಳಬೇಕಾದರೆ ನಾಲ್ಕು ಜನ ಸರಿಯಬೇಕು. ಮೊಣಕೈಗೆ ಮೊಣಕೈ ತಾಗುವ ಅಲ್ಲಿ ಮುಖ ತಿರುಗಿಸಿ ಒಬ್ಬನೇ ಕುಡಿಯುವುದು ಹೇಗೆ ಸಾಧ್ಯ? ಅಪರಿಚಿತರೊಡನೆ ಮಾತಿಗಿಳಿಯಲು ಹಿಂಜರಿಯುವ ಆ ಊರಿನಲ್ಲಿ ಕಟ್ಟಡವೇ ಜನರನ್ನು ಹತ್ತಿರ ಕೂರಿಸಿತು. ಮದ್ಯ, ಜೂಜು, ಬೈಗುಳ ಒಳಗೆ ನಿಷಿದ್ಧ. ಓದಲು ದಾನಿಗಳು ಕೊಟ್ಟ ಪುಸ್ತಕ, ಪತ್ರಿಕೆಗಳಿದ್ದವು. ನೋಡಿಕೊಳ್ಳುವವರಿಗೆ ಸಂಬಳವಿರಲಿಲ್ಲ, ಚಹಾ ತಿಂಡಿ ಮಾರಿ ಬಂದದ್ದೇ ಸಂಪಾದನೆ.

ಕಷ್ಟಕ್ಕೆ ಚಹಾ ಎಂಬ ಈ ನಂಬಿಕೆಯನ್ನು ಇಡೀ ದೇಶ ಯುದ್ಧಕಾಲದಲ್ಲಿ ನೆಚ್ಚಿಕೊಂಡಿತು. 1940ರ ಜುಲೈಯಲ್ಲಿ ಚಹಾಕ್ಕೆ ಪಡಿತರ ಬಂದು, ವಾರಕ್ಕೆ ತಲೆಗೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ ಮಾತ್ರ ಸಿಗತೊಡಗಿತು. ಪಡಿತರ ನಿಂತದ್ದು 1952ರಲ್ಲಿ. ಬಾಂಬು ಬಿದ್ದ ಬೀದಿಗಳಿಗೆ ಮಹಿಳಾ ಸ್ವಯಂಸೇವಕಿಯರು ಗಾಡಿಗಳಲ್ಲಿ ಚಹಾ ಒಯ್ದು ಹಂಚಿದರು. ಅದೇ ನಂಬಿಕೆ ಶಾಂತಿಕಾಲದಲ್ಲೂ ಕಂಡದ್ದು 1990ರ ಜುಲೈ 4ರ ಸಂಜೆ. ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಪಶ್ಚಿಮ ಜರ್ಮನಿಗೆ ಸೋತಿತು. ಟಿ.ವಿ. ಮುಂದಿದ್ದವರು ಎದ್ದು ಹೋಗಿ ಕೆಟಲ್ ಒತ್ತಿದರು. ವಿದ್ಯುತ್ ಬೇಡಿಕೆ ಒಮ್ಮೆಲೇ 2,800 ಮೆಗಾವಾಟ್ ಏರಿತು. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯವೇ 1,035 ಮೆಗಾವಾಟ್. ಸೋತ ನಾಡೊಂದು ಏಕಕಾಲಕ್ಕೆ ಸಮಾಧಾನ ಹುಡುಕಿದ್ದರ ಇಷ್ಟು ಖಚಿತವಾದ ಲೆಕ್ಕ ಬೇರೆಲ್ಲೂ ನನಗೆ ಕಂಡಿಲ್ಲ.

61ರಲ್ಲಿ ಈಗ ಉಳಿದಿರುವ ಹಸಿರು ಮನೆಗಳು 13. ಎಲ್ಲವೂ ಸಂರಕ್ಷಿತ ಕಟ್ಟಡಗಳು, ಹಾಗಾಗಿ ಹಲಗೆಗಳಿಗೆ ಸದ್ಯ ಭಯವಿಲ್ಲ. ಒಳಗೆ ಕೂರುವವರೇ ಕಡಿಮೆಯಾಗುತ್ತಿದ್ದಾರೆ. ಕಪ್ಪು ಟ್ಯಾಕ್ಸಿಯ ಪರವಾನಗಿ ಬೇಕೆಂದರೆ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ‘ನಾಲೆಜ್’ ಎನ್ನುವ ಈ ಪರೀಕ್ಷೆಗೆ ಮೂರು ನಾಲ್ಕು ವರ್ಷ ಹಿಡಿಯುವುದುಂಟು. 2012ರಲ್ಲಿ ಊಬರ್ ಆ್ಯಪ್ ಬಂದ ಮೇಲೆ ಆ ದಾರಿಯನ್ನೆಲ್ಲ ಫೋನೇ ತೋರಿಸತೊಡಗಿತು.

ಆ ಆ್ಯಪ್ ಚಾಲಕರನ್ನು ನೋಡಿದಾಗ ನನಗೆ 1875ರ ಗಾಡಿಯವರೇ ನೆನಪಾಗುತ್ತಾರೆ. ಬಹಳ ಜನ ಬೇರೆ ದೇಶಗಳಿಂದ ಬಂದವರು. ಮುಂದಿನ ಬಾಡಿಗೆಗಾಗಿ ಕಾರಿನೊಳಗೇ ಕಾಯುತ್ತಾರೆ. ಕಪ್ಪು ಟ್ಯಾಕ್ಸಿಯವರಿಗೆ ಅವರ ಮೇಲಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಕಲಿತದ್ದರ ಬೆಲೆ ಇಳಿದರೆ ಯಾರಿಗೆ ನೋವಾಗುವುದಿಲ್ಲ? ಆದರೂ ಆ ಬೆಂಚಿನಲ್ಲಿ ಒಂದಿಷ್ಟು ಸರಿದು ಕೂರಲಿ ಎನ್ನಿಸುತ್ತದೆ. ಸದ್ಯಕ್ಕಂತೂ ಆ್ಯಪ್ ಚಾಲಕರ ಚಹಾ ಕಿಟಕಿಯ ಹೊರಗೇ.