ಚಿಗರಿಯ ಓಟಕ್ಕೆ ಬಂದ ತಡೆ

ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಸವಣೂರಿನವರಿಗೆ ತಾಲ್ಲೂಕಿನ ಯಲವಿಗಿಯಲ್ಲಿ ನಿಲ್ದಾಣವುಂಟು, ಅಷ್ಟೆ. ದೊಡ್ಡ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ, ಯಾವುದಕ್ಕೇ ಆಗಲಿ, ಈ ಸೀಮೆಯ ಬಹುಮಂದಿ ಹುಬ್ಬಳ್ಳಿ-ಧಾರವಾಡಕ್ಕೆ ಹೊರಟರೆಂದರೆ ಬಸ್ಸೇ ಗತಿ. ಆದಕಾರಣ ಅವಳಿ ನಗರದ ಸಾರಿಗೆಯ ಏಳುಬೀಳು ನಗರವಾಸಿಗಳದಷ್ಟೇ ಅಲ್ಲ, ಇವರದೂ ಹೌದು.

2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. 2018ರಿಂದಲೇ ಓಡತೊಡಗಿದ್ದ ಆ ಬಸ್ಸುಗಳಿಗೆ ‘ಚಿಗರಿ’ ಎಂಬ ಮುದ್ದಾದ ಹೆಸರು. ಸುಮಾರು 22 ಕಿಲೋಮೀಟರು ದೂರದಲ್ಲಿ ಬಹುಪಾಲು ಅವುಗಳಿಗೇ ಮೀಸಲಾದ ಹಾದಿ. ಸ್ಕೂಟರಿಗಿಂತ ಬಸ್ಸು ಬೇಗ ತಲುಪಿಸಿದರೆ ಸ್ಕೂಟರು ಮನೆಯಲ್ಲೇ ಉಳಿದೀತು, ಹೊಗೆಯೂ ತಗ್ಗೀತು ಎಂಬುದು ಇಂಥ ವ್ಯವಸ್ಥೆಯ ಹಿಂದಿನ ತರ್ಕ. ಆದರೆ ಉದ್ಘಾಟನೆಯ ಸಡಗರ ಮಾಸುವ ಮುನ್ನವೇ ಮಾರ್ಚಿ ತಿಂಗಳಲ್ಲಿ ಕೋವಿಡ್ ಲಾಕ್‌ಡೌನ್ ಬಂದು ಚಿಗರಿಯ ಕಾಲು ಕಟ್ಟಿತು.

ಮೇ 19ರಂದು ರಾಜ್ಯದಲ್ಲಿ ಬಸ್ಸುಗಳು ಮತ್ತೆ ಹೊರಟಾಗ ಒಂದರಲ್ಲಿ ಮೂವತ್ತೇ ಮಂದಿ. ಪಕ್ಕದಲ್ಲಿ ಕುಳಿತವರ ಕೆಮ್ಮಿಗೆ ಬೆಚ್ಚುವ ಕಾಲ ಅದು. ಉಳ್ಳವರು ಸ್ವಂತ ವಾಹನವನ್ನು ನಂಬಿದರು. ಇಲ್ಲದವರು ಬಸ್ಸನ್ನೇ ಕಾದರು. ರೋಗಭಯ ಕಳೆದ ಮೇಲೂ ಕೊಂಡ ಮೋಟಾರುಬೈಕನ್ನು ಯಾರು ತಾನೆ ಹಿಂದಿರುಗಿಸುತ್ತಾರೆ!

ಆ ವರ್ಷ ಜಗತ್ತಿನ ಇಂಗಾಲಾಮ್ಲದ ಹೊರಸೂಸುವಿಕೆ ಸುಮಾರು ಶೇಕಡಾ 5ರಷ್ಟು ಇಳಿಯಿತು. ಮರುವರ್ಷವೇ ಮತ್ತೆ ಏರಿತು. ಮನೆಯಲ್ಲಿ ಕೂಡಿಹಾಕಿ ಪಡೆದ ನಿರ್ಮಲತೆ ಅಷ್ಟು ದಿನವೇ ಬಾಳಬಲ್ಲುದು. ಬೆಂಗಳೂರು ಬೇರೊಂದು ಬಗೆಯನ್ನು ಪರೀಕ್ಷಿಸಿತು: 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಜನ ಒಲಿದು ಹೋದ ಊರಲ್ಲವೆ ಅದು! 2023ರ ನವೆಂಬರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2050ರ ಹೊತ್ತಿಗೆ ನಿವ್ವಳ ಹೊಗೆಯನ್ನು ಸೊನ್ನೆಗಿಳಿಸುವ ಹವಾಮಾನ ಯೋಜನೆಯನ್ನೂ ಪ್ರಕಟಿಸಿತು.

ಆದರೆ ಬಸ್ಸಿಗೆ ಜನರನ್ನು ಮರಳಿ ಕರೆತಂದುದು ಯಾವ ಹವಾಮಾನ ಯೋಜನೆಯೂ ಅಲ್ಲ. 2023ರ ಜೂನ್ 11ರಂದು ಆರಂಭವಾದ, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟ ‘ಶಕ್ತಿ’ ಯೋಜನೆ ಅದು. ನೂಕುನುಗ್ಗಲೆಂದು ಗಂಡಸರು ಗೊಣಗಿದ್ದುಂಟು. ತವರಿಗೆ, ಆಸ್ಪತ್ರೆಗೆ, ಕೂಲಿಗೆ ಚೀಟಿಯ ಹಣವೆಣಿಸದೆ ಹೊರಟವಳಿಗೆ ಆ ಗೊಣಗಾಟ ಕೇಳಿಸಿತೋ ಇಲ್ಲವೋ! ಕೇಳಬೇಕಾದ ದೂರು ಬೇರೆ ಇದೆ. ಬಸ್ಸು ತುಂಬಿತು, ಆದರೆ ಬಸ್ಸುಗಳು ಸಾಲವು. ಬೆಳಿಗ್ಗೆ ಕಾಲೇಜಿಗೆ ಹೊರಟ ಹುಡುಗನು ಬಾಗಿಲ ಮೆಟ್ಟಿಲ ಮೇಲೆ ತೂಗಾಡುವಂತಾದರೆ, ಅಪ್ಪ ಸಾಲ ಮಾಡಿಯಾದರೂ ಅವನಿಗೊಂದು ಬೈಕು ಕೊಡಿಸುತ್ತಾನೆ.