ದಂತ ಚಿಕಿತ್ಸೆಯ ಮುಂದೂಡಿಕೆ: ಸದಸ್ಯರ ಗಮನಕ್ಕೆ

ಹಲ್ಲುನೋವಿದ್ದರೂ ಗ್ರಾಮಸ್ಥರು ವೈದ್ಯರ ಬಳಿ ಹೋಗದಿರಲು ಖರ್ಚು ಮತ್ತು ಸೂಜಿಯ ಭಯ ಮುಖ್ಯ ಕಾರಣಗಳಾಗಿವೆ. ಲವಂಗದೆಣ್ಣೆಯಿಂದ ನೋವು ತಾತ್ಕಾಲಿಕವಾಗಿ ಶಮನವಾಗುತ್ತದೆ. ಕೆಲವರು ಹೊಗೆಸೊಪ್ಪನ್ನೇ ಹಲ್ಲಿನ ಸಂದಿಗೆ ಒತ್ತಿಕೊಳ್ಳುತ್ತಾರೆ. ಇದು ಬಾಯಿ ಕ್ಯಾನ್ಸರ್‌ಗೆ ಆಹ್ವಾನ. ಕೆಲವು ದಿನಗಳಲ್ಲಿ ನೋವು ತಾನಾಗಿಯೇ ನಿಂತರೆ ಗುಣವಾಯಿತೆಂದು ಭಾವಿಸಲಾಗುತ್ತದೆ. ಎಷ್ಟೋ ವೇಳೆ ಹಲ್ಲಿನೊಳಗಿನ ನರ ಸತ್ತಿರುವುದರಿಂದಲೇ ನೋವು ನಿಂತಿರುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಹರಡುತ್ತಿರುತ್ತದೆ.

ಹುಳುಕು ಮೇಲ್ಭಾಗದಲ್ಲಿದ್ದಾಗ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ತುಂಬಿಸಬಹುದು. ನರವನ್ನು ತಲುಪಿದ ಬಳಿಕ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್ ಬೇಕಾಗಿ, ಉಳಿಸಲು ಹೊರಟ ಹಣದ ಹಲವು ಪಟ್ಟು ವೆಚ್ಚವಾಗುತ್ತದೆ. ಭಯಪಡುವವರಿಗೂ ಒಂದು ಮಾತು ತಿಳಿಸಬೇಕು: ಕೀವು ತುಂಬಿದ ಜಾಗದಲ್ಲಿ ಅರಿವಳಿಕೆ ಸರಿಯಾಗಿ ಹಿಡಿಯುವುದಿಲ್ಲ, ಬೇಗ ಬಂದವರಿಗೇ ನೋವು ಕಡಿಮೆ.

ಮಕ್ಕಳಿಗೆ ಸುಮಾರು 6ನೇ ವಯಸ್ಸಿನಲ್ಲಿ ಹುಟ್ಟುವ ದವಡೆಹಲ್ಲು ಹಾಲುಹಲ್ಲಲ್ಲ, ಬಿದ್ದರೆ ಮತ್ತೆ ಬಾರದು. ಪೋಷಕರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗವಿರುವುದು ಅನೇಕರಿಗೆ ತಿಳಿದಿಲ್ಲ. ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು ರಾಜ್ಯ ಸರ್ಕಾರವು ದಂತ ಭಾಗ್ಯ ಯೋಜನೆಯನ್ನು ರೂಪಿಸಿದೆ. ಮಾನ್ಯ ಸದಸ್ಯರು ಈ ವಿಷಯವನ್ನು ವಾರ್ಡ್ ಸಭೆಯಲ್ಲಿ ತಿಳಿಸುವುದು; ದಂತವೈದ್ಯರು ಲಭ್ಯವಿರುವ ದಿನ ಮತ್ತು ವೇಳೆಯನ್ನು ಆಸ್ಪತ್ರೆಯಿಂದ ಪಡೆದು ಪಂಚಾಯಿತಿ ಸೂಚನಾ ಫಲಕದಲ್ಲಿ ಬರೆಸುವುದು.